ಬಿಳಿ ಚೀಟಿಯ ಗೆರಿಟ್ ವ್ರೂಮನ್

ಹೋದ ವಾರ ಆರ್ಸನ್ ಬಿಕ್ನೆಲ್ ತೀರಿಕೊಂಡರು. ಪತ್ರಿಕೆಯಲ್ಲಿ ಎರಡು ಕಾಲಂ ತುಂಬ ಅವರ ಚರಿತ್ರೆ ಬಂದಿದೆ. ಮೊದಲು ನಮ್ಮೂರ ಕಡೆಯ ವಕೀಲರು, ಆಮೇಲೆ ನಮ್ಮ ರಾಜ್ಯದ ರಾಜಧಾನಿ ಆಲ್ಬನಿಯ ಶಾಸನಸಭೆ, ಆಮೇಲೆ ಕಾಲುವೆಯ ಕಾರುಬಾರು, ಕೊನೆಗೆ ವಾಷಿಂಗ್ಟನ್. ಒಂದು ಮೆಟ್ಟಿಲನ್ನೂ ಬಿಡದೆ ಬರೆದಿದ್ದಾರೆ. ನಡುವೆ ನಮ್ಮೂರ ಕಾಲುವೆಯ ಗೇಟಿನ ವಿಷಯವೂ ಒಂದು ಸಾಲು ಇದೆ: ಸಾಯುತ್ತಿದ್ದ ಹೆಂಗಸೊಬ್ಬಳನ್ನು ಎದುರು ಪಕ್ಷದವರು ಹಾಸಿಗೆ ಸಮೇತ ಮಳೆಯಲ್ಲಿ ಹೊರಗೆ ಹಾಕಿದಾಗ, ಅವಳ ಗಂಡನ ಕೈ ಬಿಡದೆ ಕಾಪಾಡಿದ ಪುಣ್ಯಾತ್ಮರು ಇವರಂತೆ.

ಆ ಸಾಲು ಓದಿ ನನ್ನ ಮೈ ಉರಿದುಹೋಯಿತು. ಆ ಹೆಂಗಸು ಅನೆಟ್ಯೆ, ಅವಳ ಗಂಡ ಗೆರಿಟ್ ವ್ರೂಮನ್. ಇಬ್ಬರೂ ನನ್ನ ಅಂಗಡಿಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಬದುಕಿದವರು. ಬಿಕ್ನೆಲ್ ಅವರ ಬಗ್ಗೆ ಬರೆಯುವುದಕ್ಕೆ ಪತ್ರಿಕೆಯವರಿದ್ದಾರೆ. ಗೆರಿಟ್ ಬಗ್ಗೆ ಬರೆಯುವುದಕ್ಕೆ ಉಳಿದಿರುವವಳು ನಾನೊಬ್ಬಳು.

ನಾನು ಹೆಪ್ಸಿಬಾ ಡೋಟಿ. ಊರಿಗೆಲ್ಲ ಹೆಪ್ಸಿ ಅತ್ತೆ. ಕಾಲುವೆಯ ದಡದಲ್ಲಿ ನಲವತ್ತು ವರ್ಷ ಅಂಗಡಿ ಇಟ್ಟುಕೊಂಡು ದೋಣಿಯವರಿಗೆ ಕಾಕಂಬಿ, ಉಪ್ಪು ಹಾಕಿದ ಹಂದಿಮಾಂಸ, ಹೊಗೆಸೊಪ್ಪು ಮಾರಿದವಳು. ಹೆಂಗಸರಿಗೆ ಓಟಿಲ್ಲ. ಹಾಗಾಗಿ ಗಂಡಸರು ಓಟಿನ ಹೆಸರಿನಲ್ಲಿ ಏನೇನು ಆಡುತ್ತಾರೆ ಎಂದು ಕೂತು ನೋಡುವ ಪುರುಸೊತ್ತು ನನಗೆ ಚೆನ್ನಾಗಿಯೇ ಇತ್ತು.

ನಮ್ಮೂರಲ್ಲಿ ಕಾಲುವೆ ಒಮ್ಮೆಲೇ ಎಂಟು ಅಡಿ ಕೆಳಗಿಳಿಯುತ್ತದೆ. ಅಲ್ಲಿ ಕಲ್ಲು ಕಟ್ಟಿದ ಒಂದು ದೊಡ್ಡ ತೊಟ್ಟಿ, ಅದರ ಎರಡು ತುದಿಗೂ ಗೇಟು. ದೋಣಿ ಒಳಗೆ ಬಂದ ಮೇಲೆ ಒಂದು ಗೇಟು ಮುಚ್ಚಿ, ನೀರು ತುಂಬಿಸಿ ಅಥವಾ ಬಸಿದು, ಇನ್ನೊಂದು ಗೇಟು ತೆಗೆದು ಕಳಿಸಬೇಕು. ನೋಡುವುದಕ್ಕೆ ಸುಲಭ. ಆದರೆ ನೀರನ್ನು ಒಂದು ಚೂರು ಅವಸರದಲ್ಲಿ ಬಿಟ್ಟರೂ ದೋಣಿ ಗೋಡೆಗೆ ಬಡಿದು ಹಲಗೆ ಸೀಳುತ್ತದೆ. ಗೇಟಿನ ಕೆಲಸದ ಜತೆಗೆ ಒಂದು ಮನೆಯೂ ಸಿಗುತ್ತಿತ್ತು. ಎರಡು ಕೋಣೆ, ಒಂದು ಕೈತೋಟ, ಬಾಗಿಲು ತೆರೆದರೆ ನೀರು.

ಈ ಕೆಲಸ ಯಾರಿಗೆ ಸಿಗುತ್ತದೆ ಎಂಬುದು ಚೀಟಿಯ ಬಣ್ಣದ ಮೇಲೆ ನಿಂತಿತ್ತು. ಪಕ್ಷಗಳು ಹೆಸರು ಬದಲಾಯಿಸಿಕೊಂಡಿದ್ದನ್ನು ನಾನು ಮೂರು ಸಲ ನೋಡಿದ್ದೇನೆ. ಆದ್ದರಿಂದ ಬಣ್ಣವನ್ನಷ್ಟೇ ಹೇಳುತ್ತೇನೆ. ಒಂದು ಪಕ್ಷದವರು ತಮ್ಮ ಅಭ್ಯರ್ಥಿಗಳ ಹೆಸರನ್ನು ಬಿಳಿ ಕಾಗದದಲ್ಲಿ ಅಚ್ಚು ಹಾಕಿಸುತ್ತಿದ್ದರು, ಇನ್ನೊಂದು ಪಕ್ಷದವರು ಹಳದಿಯಲ್ಲಿ. ಚುನಾವಣೆಯ ದಿನ ಓಟು ನಡೆಯುತ್ತಿದ್ದ ಹೋಟೆಲಿನ ಬಾಗಿಲಲ್ಲಿ ಎರಡೂ ಕಡೆಯವರು ಕಟ್ಟು ಹಿಡಿದು ನಿಲ್ಲುತ್ತಿದ್ದರು. ಓಟು ಹಾಕುವವನು ತನಗೆ ಬೇಕಾದ ಚೀಟಿ ಇಸಿದುಕೊಂಡು, ಎಲ್ಲರ ಕಣ್ಣೆದುರು ಅಂಗಳ ದಾಟಿ ಕಿಟಕಿಯ ಹತ್ತಿರದ ಪೆಟ್ಟಿಗೆಗೆ ಹಾಕಬೇಕು. ಚೀಟಿ ಮಡಿಸಿ ಹಿಡಿದುಕೊಂಡವನನ್ನು ಹೇಡಿ ಎನ್ನುತ್ತಿದ್ದರು. ಯಾರು ಯಾವ ಬಣ್ಣ ಎಂಬುದು ಅವರವರ ಹಸು ಯಾವ ಬಣ್ಣ ಎಂಬುದರಷ್ಟೇ ಊರಿಗೆಲ್ಲ ಗೊತ್ತಿತ್ತು.

ಆಲ್ಬನಿಯಲ್ಲಿ ಬಿಳಿಯವರು ಗೆದ್ದರೆ ಕಾಲುವೆಯುದ್ದಕ್ಕೂ ಹಳದಿಯ ಗೇಟಿನವರೆಲ್ಲ ಮನೆಗೆ. ಹಳದಿಯವರು ಗೆದ್ದರೆ ಬಿಳಿಯವರು ಮನೆಗೆ. ಏಪ್ರಿಲ್ ತಿಂಗಳಲ್ಲಿ ಕಾಲುವೆಗೆ ನೀರು ಬಿಡುವ ಮೊದಲು ಕಾಗದ ಬರುತ್ತಿತ್ತು. ನಮ್ಮ ಗೇಟಿಗೆ ಬಿಳಿಯ ಕಡೆಯಿಂದ ಗೆರಿಟ್ ವ್ರೂಮನ್, ಹಳದಿಯ ಕಡೆಯಿಂದ ಸೈಲಸ್ ಪೆಕಮ್. ಗೆರಿಟ್ ಗೇಟಿನಲ್ಲಿ ಇಲ್ಲದಾಗ ಪೀಪಾಯಿ ಕಟ್ಟುತ್ತಿದ್ದ. ಸೈಲಸ್ ಗೇಟಿನಲ್ಲಿ ಇಲ್ಲದಾಗ ಬೂಟು ಹೊಲಿಯುತ್ತಿದ್ದ. ಹನ್ನೊಂದು ವರ್ಷದಲ್ಲಿ ಈ ಎರಡು ಸಂಸಾರ ರಸ್ತೆಯ ಆಚೆ ಈಚೆ ಐದು ಸಲ ಸಾಮಾನು ಹೊತ್ತವು.

ಎರಡನೇ ಸಲ ಹೊರುವಾಗ ಸೈಲಸನ ಕಬ್ಬಿಣದ ಒಲೆ ಗೆರಿಟ್‌ನ ಕಾಲ ಮೇಲೆ ಬಿತ್ತು. ಒಲೆಯೂ ಬಿರಿಯಿತು, ಕಾಲ್ಬೆರಳೂ ಮುರಿಯಿತು. ಅಲ್ಲಿಂದ ಮುಂದೆ ಒಲೆಯನ್ನು ಗೇಟಿನ ಮನೆಯಲ್ಲೇ ಬಿಡುವುದೆಂದು ಹೆಂಗಸರಿಬ್ಬರೂ ತೀರ್ಮಾನ ಮಾಡಿದರು. ಕೈತೋಟವೂ ಹಾಗೆಯೇ. ಅನೆಟ್ಯೆ ನೆಟ್ಟ ಗಿಡದ ಸೊಪ್ಪನ್ನು ಸೈಲಸನ ಹೆಂಡತಿ ಲೋಯಿಸ್ ಬೇಯಿಸಿದಳು, ಲೋಯಿಸ್ ನೆಟ್ಟ ಬಳ್ಳಿಯ ಕುಂಬಳವನ್ನು ಅನೆಟ್ಯೆ ಕೊಯ್ದಳು. ಗಂಡಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿದರೆ ಸಾಕು, ಕೆಣಕದೆ ಬಿಡುತ್ತಿರಲಿಲ್ಲ.

"ಏನಯ್ಯ ಗೆರಿಟ್, ನಿಮ್ಮ ವಕೀಲ್ರು ಮೊನ್ನೆ ಭಾಷಣ ಮಾಡ್ತಾ ಮಾಡ್ತಾ ಅವರೇ ನಿದ್ದೆ ಹೋದ್ರಂತೆ?" ಎನ್ನುತ್ತಿದ್ದ ಸೈಲಸ್.

"ನಿಮ್ಮೋರ ಭಾಷಣದಲ್ಲಿ ಕೇಳೋರು ನಿದ್ದೆ ಹೋಗ್ತಾರಪ್ಪ. ನಮ್ಮೋರು ಆ ತೊಂದರೆ ಕೊಡಲ್ಲ," ಎನ್ನುತ್ತಿದ್ದ ಗೆರಿಟ್.

ಇಷ್ಟು ಮಾತೂ ಗೆರಿಟ್ ಆಡುತ್ತಿದ್ದದ್ದು ಇಬ್ಬರು ಮೂವರ ನಡುವೆ ಇದ್ದಾಗ ಮಾತ್ರ. ನಾಲ್ಕನೆಯವನು ಬಂದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಗುಡ್ಡದಂಥ ಆಳು. ಕೈ ಒಂದೊಂದೂ ಸಲಿಕೆಯಷ್ಟಗಲ. ಚರ್ಚಿನಲ್ಲಿ ಎದ್ದು ನಿಂತು ಹೆಸರು ಹೇಳು ಎಂದರೂ ಬೆವರುತ್ತಿದ್ದ.

ಬಿಕ್ನೆಲ್ ಅವರಿಗೆ ಅವನು ಅಂಟಿಕೊಂಡದ್ದು ನನ್ನ ಅಂಗಡಿಯ ಮುಂದೆಯೇ. ಅವರಾಗ ಇನ್ನೂ ಮೀಸೆ ಸರಿಯಾಗಿ ಬಾರದ ವಕೀಲರು. ಭಾಷಣಕ್ಕೆ ನಿಲ್ಲಲು ವೇದಿಕೆಯಿರಲಿಲ್ಲ. ಗೆರಿಟ್ ತಾನು ಕಟ್ಟಿದ ಪೀಪಾಯಿಯನ್ನು ಮಗುಚಿ ಕೊಟ್ಟು, ಅದು ಅಲುಗದಂತೆ ಮುಕ್ಕಾಲು ಗಂಟೆ ತಬ್ಬಿ ಹಿಡಿದುಕೊಂಡಿದ್ದ. ಇಳಿದ ಮೇಲೆ ಅವರು ಇವನ ಹೆಸರು ಕೇಳಿದರು, ಹೆಂಡತಿಯ ಹೆಸರು ಕೇಳಿದರು. ಎರಡು ವರ್ಷ ಬಿಟ್ಟು ಬಂದಾಗ ಎರಡನ್ನೂ ನೆನಪಿಟ್ಟುಕೊಂಡಿದ್ದರು. ಅಷ್ಟೇ ಸಾಕಾಯಿತು. ನಾನು ಅವರನ್ನು ಕೆಟ್ಟವರೆಂದು ಯಾವತ್ತೂ ಅಂದಿಲ್ಲ. ಹೆಸರು ನೆನಪಿಡುವುದು ಅವರಿಗೆ ನಿಜವಾಗಿಯೂ ಇಷ್ಟದ ಕೆಲಸವಾಗಿತ್ತು. ಆ ಹೆಸರುಗಳಿಂದ ಅವರಿಗೆ ಉಪಯೋಗವೂ ಆಗುತ್ತಿತ್ತು, ಅದು ಇನ್ನೊಂದು ಮಾತು.

ಗೇಟು ಸಿಕ್ಕ ಮೇಲೆ ಗೆರಿಟ್ ಪೂರ್ತಿ ಅವರ ಆಳಾದ. ಚುನಾವಣೆಯ ದಿನ ಹೋಟೆಲಿನ ಬಾಗಿಲಲ್ಲಿ ಬಿಳಿ ಚೀಟಿಯ ಕಟ್ಟು ಹಿಡಿದು ನಿಲ್ಲುವವನು ಅವನೇ. ಮಾತಾಡುವ ಅಗತ್ಯವಿರಲಿಲ್ಲ. ಆ ಮೈಯನ್ನು ದಾಟಿ ಹಳದಿಯ ಕಡೆಗೆ ಹೋಗುವುದಕ್ಕೆ ಅರ್ಧ ಜನಕ್ಕೆ ಧೈರ್ಯ ಬರುತ್ತಿರಲಿಲ್ಲ. ಬಿಳಿ ಪಕ್ಷದ ದೋಣಿಗೆ ಗೇಟು ಬೇಗ ತೆರೆಯುತ್ತಿತ್ತು. ಹಳದಿಯ ದೋಣಿ ಕೊಂಬು ಊದಿದರೆ ಇವನ ಕಿವಿ ಸ್ವಲ್ಪ ಮಂದ. ಸೈಲಸನ ಸರದಿ ಬಂದಾಗ ಅವನದೂ ಇದೇ ಕತೆ. ಯಾರಿಗೂ ಇದು ತಪ್ಪು ಅನ್ನಿಸುತ್ತಿರಲಿಲ್ಲ. ನನಗೂ ಅನ್ನಿಸುತ್ತಿರಲಿಲ್ಲ, ಕಾದು ನಿಂತ ದೋಣಿಯವರು ನನ್ನ ಅಂಗಡಿಗೇ ಬರುತ್ತಿದ್ದರಲ್ಲ.

ಹನ್ನೊಂದನೆಯ ವರ್ಷ ಹಳದಿಯವರು ಗೆದ್ದರು. ಬಿಕ್ನೆಲ್ ಸೋತರು. ಆ ಚಳಿಗಾಲದಲ್ಲಿ ಅನೆಟ್ಯೆಗೆ ಕೆಮ್ಮು ಹಿಡಿಯಿತು. ಫೆಬ್ರವರಿಯಲ್ಲಿ ರಕ್ತ ಬಂತು. ಡಾಕ್ಟರು ನೋಡಿ, ಕ್ಷಯ, ಈ ಬೆಚ್ಚಗಿನ ಕೋಣೆಯಿಂದ ಅಲುಗಾಡಿಸಿದರೆ ವಾರ ಕೂಡ ಉಳಿಯುವುದಿಲ್ಲ ಎಂದರು. ಗೆರಿಟ್‌ಗೆ ಬೇರೆ ಇದ್ದದ್ದು ಪೀಪಾಯಿಯ ಕೊಟ್ಟಿಗೆ. ಮಣ್ಣಿನ ನೆಲ, ಗೋಡೆಯಲ್ಲಿ ಬೆರಳು ತೂರುವಷ್ಟು ಸಂದು. ಏಪ್ರಿಲ್ ಹತ್ತಿರವಾಗುತ್ತಿತ್ತು. ಹೊಸ ಕಾಗದ ಯಾರ ಹೆಸರಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಸೈಲಸ್ ಬಂದ ದಿನ ನಾನು ಅನೆಟ್ಯೆಗೆ ಸಾರು ಕುಡಿಸುತ್ತಿದ್ದೆ. ಅವನು ಟೋಪಿಯೊಳಗೆ ಕಾಗದ ಇಟ್ಟುಕೊಂಡು ಬಾಗಿಲಲ್ಲಿ ನಿಂತ. ಗೆರಿಟ್ ಪಾತ್ರೆಗಳನ್ನು ಒಂದು ಪೀಪಾಯಿಗೆ ತುಂಬುತ್ತಿದ್ದ.

"ಬಂದೆಯಾ ಸೈಲಸ್?" ಎಂದಳು ಅನೆಟ್ಯೆ. "ಇನ್ನೂ ಎಲ್ಲ ಕಟ್ಟಿಲ್ಲಪ್ಪ. ಎರಡು ದಿನ ಟೈಮ್ ಕೊಡ್ತೀಯಾ?"

"ಏನು ಕಟ್ಟೋದು?"

"ಸಾಮಾನು."

ಸೈಲಸ್ ಅವಳನ್ನು ನೋಡಿದ. ಅವಳ ಮಣಿಕಟ್ಟು ನನ್ನ ಹೆಬ್ಬೆರಳಷ್ಟು ದಪ್ಪ ಉಳಿದಿರಲಿಲ್ಲ. "ನಾನು ಸಾಮಾನು ನೋಡೋಕೆ ಬಂದೋನಲ್ಲಮ್ಮ," ಎಂದ. "ಒಲೆಯ ಹೊಗೆಕೊಳವೆ ಕಟ್ಟಿರಬೇಕು. ಹೋದ ಸಲ ನಾನಿದ್ದಾಗ ಸರಿಯಾಗಿ ಗುಡಿಸಿರ್ಲಿಲ್ಲ. ಅದನ್ನ ನೋಡಿ ಹೋಗೋಣ ಅಂತ ಬಂದೆ."

ಕೊಳವೆ ಕಟ್ಟಿರಲಿಲ್ಲ. ಆದರೂ ಅವನು ಅದನ್ನು ಬಿಚ್ಚಿ, ಮೊಣಕೈವರೆಗೆ ಮಸಿ ಮಾಡಿಕೊಂಡು, ಮತ್ತೆ ಸಿಕ್ಕಿಸಿ ಹೊರಗೆ ನಡೆದ. ಗೆರಿಟ್ ಹಿಂದೆಯೇ ಹೋದ. ತೆರೆದ ಬಾಗಿಲಿನಿಂದ ನನಗೆ ಎಲ್ಲವೂ ಕೇಳಿತು.

"ಗೇಟು ನಾನು ನೋಡ್ಕೋತೀನಿ. ಮನೆ ಅವಳು ನೋಡ್ಕೊಳ್ಳಲಿ."

"ನಿಮ್ಮೋರು ಸುಮ್ನೆ ಬಿಡ್ತಾರೇನಯ್ಯ?"

"ನಮ್ಮೋರ ಉಸಾಬರಿ ನಿಂಗ್ಯಾಕೆ? ಬಿಳಿ ಚೀಟಿಯೋನು ನೀನು, ಬಾಯಿ ಮುಚ್ಕೊಂಡು ಒಳಗೆ ಹೋಗು. ಆ ಪಾತ್ರೆ ಎಲ್ಲ ವಾಪಸ್ ಇಡು."

ಸೈಲಸ್ ಮತ್ತು ಲೋಯಿಸ್ ಬೂಟಿನ ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಉಳಿದರು. ದಿನಾ ಬೆಳಗ್ಗೆ ಅವನು ರಸ್ತೆ ದಾಟಿ ಗೇಟಿಗೆ ಬರುತ್ತಿದ್ದ. ಬರುವಾಗ ಎರಡು ಕೊಡ ನೀರು ತಂದು ಬಾಗಿಲಲ್ಲಿ ಇಡುತ್ತಿದ್ದ. ಮೇ ತಿಂಗಳಲ್ಲಿ ಹಳದಿ ಪಕ್ಷದ ಸಮಿತಿಯವರೂ ಚರ್ಚಿನ ಹಿರಿಯರೂ ಆದ ಡೀಕನ್ ಆಲ್ವರ್ಡ್ ವಿಚಾರಣೆಗೆ ಬಂದರು.

"ಪಕ್ಷ ನಿನಗೆ ಕೊಟ್ಟ ಮನೇಲಿ ಬಿಳಿ ಚೀಟಿಯೋರು ಇದ್ದಾರಂತೆ ಪೆಕಮ್?"

"ಇರೋದು ಒಬ್ಬ ಹೆಂಗಸು ಸ್ವಾಮಿ. ಹೆಂಗಸಿಗೆ ಓಟೆಲ್ಲಿದೆ, ಬಣ್ಣ ಇರೋಕೆ?"

"ಅವಳ ಗಂಡ?"

"ಅವನು ನನ್ನ ಅಡುಗೆಯೋನು. ಮಧ್ಯಾಹ್ನ ಗಂಜಿ ಬೇಯಿಸಿ ಹಾಕ್ತಾನೆ. ದರಿದ್ರ ಗಂಜಿ. ಬೇಕಾದ್ರೆ ಒಂದು ಬಟ್ಟಲು ಕುಡಿದು ಹೋಗಿ."

ಡೀಕನ್ ಕುಡಿಯಲಿಲ್ಲ. ಆದರೆ ಸೈಲಸನ ಹೆಸರಿನ ಮುಂದೆ ಒಂದು ಗುರುತು ಹಾಕಿಕೊಂಡರು ಎಂದು ಆಮೇಲೆ ತಿಳಿಯಿತು.

ಅಲುಗಾಡಿಸಿದರೆ ವಾರವೆಂದಿದ್ದರು ಡಾಕ್ಟರು. ಯಾರೂ ಅಲುಗಾಡಿಸಲಿಲ್ಲ, ಅನೆಟ್ಯೆ ಇನ್ನೂ ಆರು ತಿಂಗಳು ಬದುಕಿದಳು. ಅಕ್ಟೋಬರ್ ಒಂಬತ್ತರಂದು, ಬೆಳಗಿನ ಹತ್ತು ಗಂಟೆಗೆ, ತನ್ನ ಹಾಸಿಗೆಯಲ್ಲಿ, ಗೆರಿಟ್ ಕೈ ಹಿಡಿದುಕೊಂಡು ಹೋದಳು. ಲೋಯಿಸ್ ಕಾಲ ಹತ್ತಿರ ಕೂತಿದ್ದಳು, ನಾನು ಕಿಟಕಿಯ ಹತ್ತಿರ. ಆ ಹೊತ್ತಿಗೆ ಒಂದು ದೋಣಿ ಕೊಂಬು ಊದಿತು, ಅದರ ಹಿಂದೆ ಇನ್ನೊಂದು. ಸೈಲಸ್ ಗೇಟು ತೆರೆಯಲಿಲ್ಲ. ನೀರಿನ ಸದ್ದು ಬೇಡವೆಂದು ಒಂದು ಗಂಟೆ ತಡೆದು ನಿಲ್ಲಿಸಿದ. ಏಳು ದೋಣಿ ಸಾಲುಗಟ್ಟಿದವು, ಅದರಲ್ಲಿ ನಾಲ್ಕು ಅವನದೇ ಹಳದಿ ಪಕ್ಷದವರವು. ಕೂಗಾಡಿದವರಿಗೆಲ್ಲ ಗೇಟಿನ ಕೀಲು ಸಿಕ್ಕಿಕೊಂಡಿದೆ ಎಂದು ಹೇಳಿದ.

ಹೀಗೆ ಸತ್ತಳು ಅವಳು. ಮಳೆ ಇರಲಿಲ್ಲ, ಯಾರೂ ಯಾರನ್ನೂ ಹೊರಗೆ ಹಾಕಲಿಲ್ಲ.

ಮಣ್ಣು ಮಾಡಿದ ಮೇಲೆ ಗೆರಿಟ್ ಗೇಟಿನ ಮನೆ ಬಿಟ್ಟು ಪೀಪಾಯಿ ಕೊಟ್ಟಿಗೆಗೆ ಹೋದ. ಐದನೆಯ ದಿನ ಬಿಕ್ನೆಲ್ ಬಂದರು. ಆ ನವೆಂಬರಿನಲ್ಲಿ ಮತ್ತೆ ಚುನಾವಣೆಯಿತ್ತು. ಈ ಸಲ ಅವರು ನಿಂತದ್ದು ಕಾಲುವೆಯ ದೊಡ್ಡ ಸ್ಥಾನಕ್ಕೇ. ಗೆದ್ದರೆ ಎಲ್ಲ ಗೇಟುಗಳೂ ಅವರ ಕೈಯಲ್ಲಿ. ಗೆರಿಟ್‌ನನ್ನು ತಬ್ಬಿಕೊಂಡು ಅತ್ತರು. ಆ ಕಣ್ಣೀರು ನಿಜವಾದದ್ದು, ನಾನು ಹತ್ತಿರದಿಂದ ನೋಡಿದ್ದೇನೆ. ಅನೆಟ್ಯೆ ಒಮ್ಮೆ ತಮಗೆ ಬಡಿಸಿದ ಸೇಬಿನ ಪೈ ಅನ್ನು ನೆನೆದರು. ಶನಿವಾರ ಸಭೆಗೆ ಬಂದು ಪಕ್ಕದಲ್ಲಿ ನಿಲ್ಲು, ಮಾತಾಡುವುದೇನೂ ಬೇಡ ಎಂದರು. ಗೆರಿಟ್ ಒಪ್ಪಿದ. ಜತೆಗೆ ಅತ್ತವರಿಗೆ ಇಲ್ಲವೆನ್ನುವುದು ಹೇಗೆ?

ಶನಿವಾರ ಮಧ್ಯಾಹ್ನ ನನ್ನ ಅಂಗಡಿಯ ಮುಂದೆ ಮುನ್ನೂರು ಜನ. ಈಗ ಪೀಪಾಯಿಯ ಕಾಲ ಹೋಗಿ ಹಲಗೆಯ ವೇದಿಕೆ ಬಂದಿತ್ತು. ಬಿಕ್ನೆಲ್ ಮೊದಲು ತೆರಿಗೆಯ ಮಾತಾಡಿದರು, ಆಮೇಲೆ ಕಾಲುವೆ ಅಗಲ ಮಾಡುವ ಮಾತಾಡಿದರು. ಆಮೇಲೆ ದನಿ ತಗ್ಗಿಸಿದರು.

"ಇಲ್ಲಿ ನಿಂತಿರೋ ಈ ಮನುಷ್ಯನ್ನ ನೋಡಿ. ಇವನ ಹೆಂಡ್ತಿ ರಕ್ತ ಕಾರ್ತಾ ಮಲಗಿದ್ಳು. ಹಳದಿ ಚೀಟಿಯೋರು ಬಂದು, ಕಾಗದ ತೋರಿಸಿ, ಆ ತಾಯೀನ ಹಾಸಿಗೆ ಸಮೇತ ಎತ್ತಿ ಏಪ್ರಿಲ್ ಮಳೇಲಿ ಹಾಕಿದ್ರು. ಪೀಪಾಯಿ ಕೊಟ್ಟಿಗೇಲಿ, ಮಣ್ಣ ನೆಲದ ಮೇಲೆ ಸತ್ತಳು ಅವಳು. ಗೆರಿಟ್, ನಾನು ಹೇಳಿದ್ರಲ್ಲಿ ಒಂದಕ್ಷರ ಸುಳ್ಳಿದ್ರೆ ಈಗಲೇ ಹೇಳಿಬಿಡಪ್ಪ."

ಗೆರಿಟ್ ತಲೆ ಎತ್ತಿದ. ಬಾಯಿ ತೆರೆದ. ಮುನ್ನೂರು ಮುಖ ಅವನನ್ನೇ ನೋಡುತ್ತಿದ್ದವು. ಆಮೇಲೆ ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡು ತನ್ನ ಬೂಟು ನೋಡಿಕೊಂಡು ನಿಂತುಬಿಟ್ಟ. ಜನ ಅದನ್ನು ದುಃಖ ಎಂದುಕೊಂಡರು. ಹೆಂಗಸರು ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡರು. ಸೈಲಸ್ ಗೇಟು ತಿರುಗಿಸುವ ಮರದ ತೋಳಿಗೆ ಒರಗಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಆ ಸಂಜೆಯೇ ಅವನ ಬೂಟಿನ ಅಂಗಡಿಯ ಗಾಜು ಒಡೆಯಿತು. ದೋಣಿಯವರು ಗೇಟು ದಾಟುವಾಗ ಅವನ ಕಡೆ ಉಗಿಯತೊಡಗಿದರು. ಲೋಯಿಸ್ ಚರ್ಚಿಗೆ ಹೋದರೆ ಅವಳ ಬೆಂಚಿನಲ್ಲಿ ಕೂತವರು ಎದ್ದು ಬೇರೆ ಕಡೆ ಹೋದರು. ನಾನು ಬಂದಬಂದ ಗಿರಾಕಿಗೆಲ್ಲ ನಿಜ ಹೇಳಿದೆ. "ನಿಮಗೇನು ಗೊತ್ತು ಹೆಪ್ಸಿ ಅತ್ತೆ, ಗಂಡನೇ ಅಲ್ಲಿ ನಿಂತಿದ್ನಲ್ಲ," ಎಂದರು.

ಮೂರು ದಿನದ ಮೇಲೆ ಗೆರಿಟ್ ಹೊಗೆಸೊಪ್ಪಿಗೆ ಬಂದಾಗ ನಾನು ಕೊಡಲಿಲ್ಲ.

"ನಾಲಗೇನ ಯಾರಿಗೆ ಬಾಡಿಗೆ ಕೊಟ್ಟಿದ್ದೆ ಅವತ್ತು?" ಎಂದೆ.

"ಬಾಯಿ ತೆಗೆದೆ ಅತ್ತೆ. ಮಾತು ಮೇಲೆ ಬರ್ಲಿಲ್ಲ."

"ಒಂದು ಮಾತು ಕಣೋ. 'ಇಲ್ಲ' ಅನ್ನೋ ಒಂದೇ ಒಂದು ಮಾತು!"

"ಗೊತ್ತು," ಎಂದ. ಗಲ್ಲಾ ಪೆಟ್ಟಿಗೆಯ ಪಕ್ಕ ಆ ದೊಡ್ಡ ಕೈಗಳನ್ನು ಊರಿಕೊಂಡು ನಿಂತಿದ್ದ. "ಸೈಲಸನ ಮನೆಗೆ ಹೋಗಿದ್ದೆ. ಬಾಗಿಲು ತೆಗೀಲಿಲ್ಲ."

"ತೆಗೀಬೇಕಾಗಿತ್ತೇನು?"

ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಅಯ್ಯೋ ಅನ್ನಿಸಿತು.

ಚುನಾವಣೆಯ ದಿನ ಬಂತು. ಗೆರಿಟ್ ಎಂದಿನಂತೆ ಹೋಟೆಲಿನ ಬಾಗಿಲಲ್ಲಿ ಬಿಳಿ ಚೀಟಿಯ ಕಟ್ಟು ಹಿಡಿದು ನಿಂತಿದ್ದ. ಹನ್ನೊಂದು ಗಂಟೆಯ ಹೊತ್ತಿಗೆ ಅಂಗಳ ತುಂಬಿತ್ತು. ಆಗ ಅವನು ಆ ಕಟ್ಟನ್ನು ಮೆಟ್ಟಿಲ ಮೇಲಿಟ್ಟು, ಅದು ಗಾಳಿಗೆ ಹಾರದಂತೆ ಒಂದು ಕಲ್ಲಿಟ್ಟು, ಎದುರಿಗಿದ್ದ ಡೀಕನ್ ಆಲ್ವರ್ಡ್ ಹತ್ತಿರ ಹೋಗಿ ಕೈ ಚಾಚಿದ. ಡೀಕನ್ ಹೆದರಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಅರ್ಥವಾಗಿ ಒಂದು ಹಳದಿ ಚೀಟಿ ಕೊಟ್ಟರು. ಗೆರಿಟ್ ಅದನ್ನು ತಲೆಗಿಂತ ಮೇಲೆತ್ತಿ ಹಿಡಿದುಕೊಂಡು ಅಂಗಳ ದಾಟಿದ.

"ಲೇ ಗೆರಿಟ್, ಕಣ್ಣು ಹೋಯ್ತೇನೋ? ಅದು ಹಳದಿ ಕಣೋ!" ಎಂದು ಯಾರೋ ಕೂಗಿದರು, ಅಂಗಳದ ಜನ ನಕ್ಕರು.

"ಬಣ್ಣ ಗೊತ್ತು," ಎಂದ ಗೆರಿಟ್.

ನಗು ನಿಂತಿತು. ಯಾರೋ ಅವನ ಬೆನ್ನಿಗೆ ಕೊಳೆತ ಸೇಬು ಎಸೆದರು. ಅವನು ತಿರುಗಿ ನೋಡದೆ ಚೀಟಿಯನ್ನು ಪೆಟ್ಟಿಗೆಗೆ ಹಾಕಿದ. ಮಾತಾಡಲಾಗದ ಮನುಷ್ಯ ಹೇಳಬೇಕಾದ್ದನ್ನು ಕೊನೆಗೂ ಹೇಳಿದನಲ್ಲ ಎಂದು ನನಗನ್ನಿಸಿತು. ಸೈಲಸ್‌ಗೆ ಹಾಗನ್ನಿಸಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ ಅವನು ಹಲ್ಲು ಕಚ್ಚಿಕೊಂಡೇ ಹೇಳಿದ: "ನಿನ್ನ ಓಟು ಯಾರಿಗೆ ಬೇಕಿತ್ತಯ್ಯ? ಅವತ್ತು ನಿನ್ನ ಬಾಯಿ ಬೇಕಿತ್ತು ನಂಗೆ."

ಬಿಳಿಯವರು ಗೆದ್ದರು. ಬಿಕ್ನೆಲ್ ಭಾರಿ ಅಂತರದಲ್ಲಿ ಗೆದ್ದರು. ಸೈಲಸನ ಕೆಲಸ ಹೋಯಿತು, ಗೆರಿಟ್‌ಗೆ ಸಿಗುವ ಆಸೆಯೂ ಹೋಯಿತು ಎಂದು ಊರು ಮಾತಾಡಿಕೊಂಡಿತು. ಆದರೆ ಮಾರ್ಚಿನಲ್ಲಿ ಬಿಕ್ನೆಲ್ ಸ್ವತಃ ಹಿಮದ ಬಂಡಿಯಲ್ಲಿ ಬಂದಿಳಿದರು. ಗೆರಿಟ್‌ನನ್ನು ನನ್ನ ಅಂಗಡಿಗೇ ಕರೆಸಿದರು. ನಾನು ಹೊರಗೆ ಹೋಗಲೇ ಎಂದು ಕೇಳಿದೆ. ಬೇಡ ಹೆಪ್ಸಿ, ನೀನೂ ಸಂತೋಷಪಡು ಎಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟರು. ಗೇಟಿಗೆ ಗೆರಿಟ್ ವ್ರೂಮನ್‌ನ ನೇಮಕ.

ಗೆರಿಟ್ ಅದನ್ನು ಮುಟ್ಟಲಿಲ್ಲ. "ನಾನು ಹಳದಿ ಹಾಕ್ದೆ ವಕೀಲ್ರೇ," ಎಂದ.

"ಗೊತ್ತಪ್ಪ. ಹೆಂಡ್ತಿ ಸತ್ತ ಸಂಕಟದಲ್ಲಿ ಮನುಷ್ಯ ಏನೇನೋ ಮಾಡ್ತಾನೆ. ಒಂದು ಓಟು ಹೋದ್ರೆ ಹೋಯ್ತು. ನಿನ್ನ ಕತೆ ನಂಗೆ ಎರಡು ಜಿಲ್ಲೆ ಗೆದ್ದುಕೊಟ್ಟಿದೆ. ನಿನ್ನನ್ನ ಆ ಮನೇಲಿ ಮತ್ತೆ ಕೂರಿಸದಿದ್ರೆ ಜನ ನನ್ನನ್ನ ಏನಂತಾರೆ?"

"ಅದು ನನ್ನ ಕತೆ ಅಲ್ಲ."

"ಗೆರಿಟ್!" ಬಿಕ್ನೆಲ್ ಅವರಿಗೆ ನಿಜವಾಗಿ ನೋವಾಗಿತ್ತು. "ಇಷ್ಟು ವರ್ಷದಲ್ಲಿ ನಾನು ನಿನಗೇನು ಕಮ್ಮಿ ಮಾಡಿದ್ದೀನಿ ಹೇಳು?"

"ಏನೂ ಕಮ್ಮಿ ಮಾಡಿಲ್ಲ. ಅದಕ್ಕೇ ಅವತ್ತು ಬಾಯಿ ಬರ್ಲಿಲ್ಲ."

ಆಮೇಲೆ ಗೆರಿಟ್ ನಿಧಾನವಾಗಿ, ಪೀಪಾಯಿಗೆ ಪಟ್ಟಿ ಕೂರಿಸುವವನ ಹಾಗೆ ಒಂದೊಂದೇ ಮಾತು ಕೂರಿಸಿದ. "ಒಂದು ಕೆಲ್ಸ ಮಾಡಿ. ಇದೇ ಅಂಗಡಿ ಮುಂದೆ ನಿಂತ್ಕೊಂಡು ಹೇಳಿ. ಅನೆಟ್ಯೆ ಅವಳ ಹಾಸಿಗೇಲೇ ಸತ್ತಳು, ಸೈಲಸ್ ಪೆಕಮ್ ಜಾಗ ಬಿಟ್ಟುಕೊಟ್ಟಿದ್ದ ಅಂತ. ಆಮೇಲೆ ಕೊಡಿ ಕಾಗದ. ಕೈ ಮುಗಿದು ತಗೋತೀನಿ."

"ಹಾಗೆ ಹೇಳಿದ್ರೆ ನಾನು ಏನಾಗ್ತೀನಿ, ಯೋಚನೆ ಮಾಡಿದ್ದೀಯಾ?"

"ನೀವೇನಾಗ್ತೀರೋ ಗೊತ್ತಿಲ್ಲ ವಕೀಲ್ರೇ. ನಾನೇನಾದೆ ಅಂತ ಗೊತ್ತು."

ಬಿಕ್ನೆಲ್ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ಹೋಗುವಾಗ ನನ್ನ ತೀರಿಹೋದ ಗಂಡನ ಹೆಸರು ಹಿಡಿದು ಅವನ ಕಾಲುನೋವಿನ ವಿಷಯ ನೆನೆದು ಹೋದರು. ಎಂಥ ನೆನಪು!

ಏಪ್ರಿಲ್‌ನಲ್ಲಿ ಹೋಟೆಲಿನವನ ಬಾಮೈದ ಗೇಟಿಗೆ ಬಂದ. ಮೊದಲ ತಿಂಗಳಲ್ಲೇ ಎರಡು ದೋಣಿಯ ಹಲಗೆ ಸೀಳಿದ. ಸೈಲಸನ ಬೂಟಿನ ಅಂಗಡಿಗೆ ಗಿರಾಕಿಗಳು ಬರುವುದು ನಿಂತುಹೋಗಿ, ಆ ಜಾಗವೂ ಕೈತಪ್ಪಿತು. ಒಂದು ಬೆಳಗ್ಗೆ ಅವನು ತನ್ನ ಬೆಂಚು, ಸೂಜಿ, ಅಚ್ಚುಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ಪೀಪಾಯಿ ಕೊಟ್ಟಿಗೆಯ ಮುಂದೆ ಬಂದು ನಿಂತ. ಗೆರಿಟ್‌ನ ಜತೆ ಅವನು ಐದು ತಿಂಗಳಿಂದ ಮಾತಾಡಿರಲಿಲ್ಲ.

"ಕಾಗದ ವಾಪಸ್ ಕೊಟ್ಟೆಯಂತೆ?"

"ಹೂಂ."

"ಮುಠ್ಠಾಳ! ತಗೊಂಡಿದ್ರೆ ಆ ಅಡ್ನಾಡಿ ಕೈಗೆ ಗೇಟು ಹೋಗ್ತಿತ್ತಾ?"

"ಆ ಮನೇಲಿ ನಾನು ಹೋಗಿ ಕೂತ್ರೆ ಅವರು ಹೇಳಿದ್ದು ನಿಜ ಆಗ್ತಿತ್ತು."

ಸೈಲಸ್ ಕೈಗಾಡಿಯ ಹಿಡಿ ಬಿಟ್ಟ. ಆಮೇಲೆ, "ಪೀಪಾಯಿ ಆ ಕಡೆ ಸರಿಸು. ಬೆಳಕು ಬೇಕು ನಂಗೆ," ಎಂದು ಬೆಂಚು ಇಳಿಸಿದ.

ಹತ್ತೊಂಬತ್ತು ವರ್ಷ ಅವರಿಬ್ಬರೂ ಆ ಒಂದೇ ಸೂರಿನಡಿ ಕೆಲಸ ಮಾಡಿದರು. ಗೋಡೆಯ ಸಂದುಗಳನ್ನು ಜತೆಗೂಡಿ ಮುಚ್ಚಿದರು. ಗೆರಿಟ್ ಮುಂದಿನ ವರ್ಷ ಮತ್ತೆ ಬಿಳಿ ಚೀಟಿಯನ್ನೇ ಹಾಕಿದ, ಸಾಯುವವರೆಗೂ ಹಾಕಿದ. ಆದರೆ ಅದರಲ್ಲಿ ಬಿಕ್ನೆಲ್ ಹೆಸರಿದ್ದರೆ ಪೆನ್ಸಿಲಿನಿಂದ ಗೀಚಿ ಹಾಕುತ್ತಿದ್ದ. ಸೈಲಸ್ ಕೆಣಕಿದಾಗ, "ಬಿಳಿ ಬಣ್ಣ ಏನು ತಪ್ಪು ಮಾಡಿದೆ?" ಎನ್ನುತ್ತಿದ್ದ.

ಅಷ್ಟರಲ್ಲಿ ಬಿಕ್ನೆಲ್ ವಾಷಿಂಗ್ಟನ್ ಸೇರಿದ್ದರು. ಅವರು ಆ ಕತೆಯನ್ನು ಎಲ್ಲ ಚುನಾವಣೆಯಲ್ಲೂ ಹೇಳುತ್ತಿದ್ದರು, ಹೇಳಿದಷ್ಟೂ ಮಳೆ ಜೋರಾಗುತ್ತಿತ್ತು. ನನಗನ್ನಿಸುತ್ತದೆ, ಕೊನೆಕೊನೆಗೆ ಅವರೇ ಅದನ್ನು ನಂಬಿದ್ದರು.

ಕಾಲುವೆ ಅಗಲ ಮಾಡಲು ಹಳೆಯ ತೊಟ್ಟಿಯ ಕಲ್ಲುಗಳನ್ನು ಕಿತ್ತಾಗ ಗೆರಿಟ್ ಅದರಲ್ಲಿ ಒಂದನ್ನು ಕೇಳಿ ತೆಗೆದುಕೊಂಡ. ಅನೆಟ್ಯೆಯ ಗೋರಿಗೆ ಅಲ್ಲಿಯವರೆಗೆ ಮರದ ಹಲಗೆ ಇತ್ತು. ಕಲ್ಲುಕುಟಿಗ ಬಂದಾಗ ಏನು ಕೆತ್ತಬೇಕೆಂದು ಗೆರಿಟ್ ಬಾಯಲ್ಲಿ ಹೇಳಿದ. ಕಲ್ಲುಕುಟಿಗ ಎರಡು ಸಲ ಹೇಳಿಸಿಕೊಂಡು ಉಳಿಯನ್ನು ಕೆಳಗಿಟ್ಟ. ಪಕ್ಕದಲ್ಲಿದ್ದ ಸೈಲಸ್ ಕೆಂಪಗಾದ.

"ತಲೆ ಕೆಟ್ಟಿದೆಯೇನೋ ನಿಂಗೆ? ನೋಡಿದೋರು ಏನಂದ್ಕೋತಾರೆ ಮಾರಾಯ? ನನ್ನ ಮರ್ಯಾದೆ ಬಿಡು, ಅವಳ ಮರ್ಯಾದೆ ನೋಡೋದು ಬೇಡ್ವಾ?"

"ಅಂದ್ಕೊಂಡೋರು ಬಂದು ಕೇಳ್ತಾರೆ. ಕೇಳಿದೋರಿಗೆ ಹೇಳೋಣ," ಎಂದ ಗೆರಿಟ್. "ನೀನು ಕೆತ್ತಪ್ಪ."

ಲೋಯಿಸ್ ಬಾಗಿಲಲ್ಲಿ ನಿಂತು ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಕೆತ್ತಲಿ ಬಿಡ್ರೀ ಎಂದಳು.

ಕಲ್ಲು ಚರ್ಚಿನ ಹಿಂದೆ ಈಗಲೂ ಇದೆ. ಗೆರಿಟ್ ಅದರ ಎಡಕ್ಕೆ ಮಲಗಿದ್ದಾನೆ. ಪರ ಊರಿನವರು ಓದಿ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ನನ್ನ ಅಂಗಡಿಗೆ ಬಂದು ಕೇಳುತ್ತಾರೆ. ನಾನು ಕೂರಿಸಿ ಪೂರ್ತಿ ಹೇಳುತ್ತೇನೆ, ಅವರ ದೋಣಿ ತಡವಾದರೂ ಬಿಡುವುದಿಲ್ಲ. ಕಲ್ಲಿನ ಮೇಲೆ ಇರುವುದು ಇಷ್ಟು: ಅನೆಟ್ಯೆ, ಗೆರಿಟ್ ವ್ರೂಮನ್‌ನ ಹೆಂಡತಿ. ಸೈಲಸ್ ಪೆಕಮ್‌ನ ಮನೆಯಲ್ಲಿ, ತನ್ನ ಹಾಸಿಗೆಯಲ್ಲಿ ತೀರಿಕೊಂಡಳು.